ಎದೆನೋವು: ಒಂದು ರಕ್ತಪರೀಕ್ಷೆಯೂ ಘಟ್ಟದ ದಾರಿಯೂ

2025ರ ಏಪ್ರಿಲ್‌ನಲ್ಲಿ ಉದಕಮಂಡಲದಲ್ಲಿ 700 ಹಾಸಿಗೆಗಳ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಉದ್ಘಾಟನೆಗೊಂಡುದು ನೀಲಗಿರಿಗೆ ಸಂತಸದ ಸಂಗತಿ. ಆದರೆ ಗೂಡಲೂರಿನವರಿಗೆ ಅದು ಸುಮಾರು 50 ಕಿಲೋಮೀಟರ್ ದೂರ. ಮಸಿನಗುಡಿಯವರು ಕಲ್ಲಟ್ಟಿಯ 36 ತಿರುವುಗಳನ್ನು ಏರಬೇಕು. ಮೈಸೂರಿನತ್ತ ಹೊರಡೋಣವೆಂದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ತಡೆ. ಆಂಬುಲೆನ್ಸಿಗೆ ದಾರಿಯುಂಟು. ಆದುದರಿಂದ ಎದೆನೋವಿನ ರೋಗಿಯನ್ನು ಮನೆಗೆ ಕಳುಹಿಸುವುದೋ, ಇರಿಸಿಕೊಳ್ಳುವುದೋ, ದೊಡ್ಡ ಆಸ್ಪತ್ರೆಗೆ ಸಾಗಿಸುವುದೋ ಎಂಬ ತೀರ್ಮಾನ ನಮ್ಮಲ್ಲಿ ಬಹಳ ಭಾರವಾದುದು.

ಈ ತೀರ್ಮಾನಕ್ಕೆ ನೆರವಾಗುವುದು ಟ್ರೋಪೋನಿನ್ ಪರೀಕ್ಷೆ. ಟ್ರೋಪೋನಿನ್ ಹೃದಯಸ್ನಾಯುವಿನೊಳಗಿನ ಪ್ರೋಟೀನು. ಸ್ನಾಯು ಹಾನಿಗೊಂಡಾಗ ರಕ್ತಕ್ಕೆ ಸೋರುತ್ತದೆ. ಆದರೆ ಅದು ಪರೀಕ್ಷೆಗೆ ಸಿಗುವಷ್ಟಾಗಲು ಹಳೆಯ ವಿಧಾನದಲ್ಲಿ ಮೂರು-ನಾಲ್ಕು ಗಂಟೆ ಹಿಡಿಯಬಹುದು. ಅತಿಸೂಕ್ಷ್ಮ ವಿಧಾನದಲ್ಲಿ ಅದಕ್ಕಿಂತ ಕಡಿಮೆ. ನೋವು ಆರಂಭವಾದ ಗಂಟೆಯೊಳಗೆ ತೆಗೆದ ರಕ್ತದಲ್ಲಿ ಟ್ರೋಪೋನಿನ್ ಕಾಣದಿದ್ದರೆ ಹೃದಯಾಘಾತವಿಲ್ಲವೆಂದು ಅರ್ಥವಲ್ಲ. ಮತ್ತೊಮ್ಮೆ ಪರೀಕ್ಷಿಸಿ, ಪ್ರಮಾಣ ಏರಿದೆಯೇ ಎಂದು ನೋಡಬೇಕು. ಮೂತ್ರಪಿಂಡದ ಕಾಯಿಲೆಯವರಲ್ಲಿ ಅದು ಮೊದಲೇ ಹೆಚ್ಚಿರುವುದುಂಟು. ಅಲ್ಲಿಯೂ ಏರಿಳಿತವೇ ಮುಖ್ಯ. ಇವೆಲ್ಲಕ್ಕೂ ಮೊದಲು, ಆಸ್ಪತ್ರೆ ಸೇರಿದ 10 ನಿಮಿಷಗಳೊಳಗೆ ಇಸಿಜಿ ಆಗಬೇಕು. ಅದರಲ್ಲೇ ದೊಡ್ಡ ಆಘಾತದ ಗುರುತು ಕಂಡರೆ ರಕ್ತದ ವರದಿಗಾಗಿ ಕಾಯುವಂತಿಲ್ಲ.

ಅಪಾಯವನ್ನು ಅಳೆಯಲು ವೈದ್ಯರು ಬಳಸುವ 'ಹಾರ್ಟ್' ಅಂಕಪದ್ಧತಿಯಲ್ಲಿ ಐದು ಅಂಶಗಳಿವೆ: ರೋಗಿಯ ಹೇಳಿಕೆ, ಇಸಿಜಿ, ವಯಸ್ಸು, ಸಕ್ಕರೆ ಕಾಯಿಲೆ–ರಕ್ತದೊತ್ತಡ–ಧೂಮಪಾನದಂತಹ ಕಾರಣಗಳು, ಟ್ರೋಪೋನಿನ್. ತಲಾ 0ರಿಂದ 2 ಅಂಕ. ಮೊತ್ತ 3ನ್ನು ಮೀರದಿದ್ದರೆ ಅಪಾಯ ಕಡಿಮೆ. ಗಮನಿಸಿ, ಮೊದಲ ಅಂಕವೇ ಮಾತಿಗೆ. ರಕ್ತಕ್ಕೆ ಭಾಷೆಯಿಲ್ಲ, ನೋವಿಗೆ ಇದೆ. 'ಎದೆ ಹಿಂಡಿದಂತಾಗುತ್ತದೆ' ಎಂಬುದಕ್ಕೂ 'ಎದೆ ಉರಿಯುತ್ತದೆ' ಎಂಬುದಕ್ಕೂ ಇರುವ ಅಂತರವನ್ನು ತಮಿಳು ಬಾರದ ನಮ್ಮ ಹಿರಿಯರು ಹೇಗೆ ತಿಳಿಸಿಯಾರು? 'ಗ್ಯಾಸ್ಟ್ರಿಕ್' ಎಂಬ ಪದವೊಂದು ಮಾತ್ರ ಎರಡೂ ಭಾಷೆಯವರಿಗೆ ತಿಳಿಯುತ್ತದೆ, ತೊಡಕಿರುವುದೂ ಅದರಲ್ಲಿಯೇ!

ತಮಿಳುನಾಡು ಸರಕಾರ 2023ರಲ್ಲಿ ಆರಂಭಿಸಿದ 'ಇದಯಂ ಕಾಪ್ಪೋಂ' ಯೋಜನೆಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮಾತ್ರೆಗಳ ಮೊದಲ ಪ್ರಮಾಣ ನೀಡಲಾಗುತ್ತದೆ. ಇದು ಶ್ಲಾಘನೀಯ. ಇದರೊಂದಿಗೆ, ಯಾವ ಯಾವ ಸರಕಾರಿ ಆಸ್ಪತ್ರೆಯಲ್ಲಿ ಎರಡನೆಯ ಟ್ರೋಪೋನಿನ್ ಪರೀಕ್ಷೆ ಹಗಲಿರುಳೂ ದೊರೆಯುತ್ತದೆಂಬುದನ್ನು ಆರೋಗ್ಯ ಇಲಾಖೆ ಕನ್ನಡದಲ್ಲಿಯೂ ಪ್ರಕಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ.

ಅಜ್ಜ ಅಜ್ಜಿಯರ ಜೊತೆ ದುಭಾಷಿಗಳಾಗಿ ಆಸ್ಪತ್ರೆಗೆ ಹೋಗುವವರು ಅನೇಕ ವೇಳೆ ನಮ್ಮ ಶಾಲೆಯ ಮಕ್ಕಳೇ. ನೋವು ಆರಂಭವಾದ ಗಂಟೆ, ನಿಮಿಷಗಳನ್ನು ಅಂಕಿಯಲ್ಲಿ ಒಂದು ಚೀಟಿಯ ಮೇಲೆ ಬರೆದು ಅವರ ಕೈಯಲ್ಲಿಡಿ. ಮೊದಲ ವರದಿ ಬಂದ ಮೇಲೆ 'ಮತ್ತೊಮ್ಮೆ ಯಾವಾಗ ನೋಡುತ್ತೀರಿ?' ಎಂದು ಕೇಳುವಂತೆ ಹೇಳಿಕೊಡಿ.