ಊರು ಸುತ್ತದ ಎರಡು ವರ್ಷ

ಹಕ್ಕಿ ನೋಡುವ ಗುಂಪೊಂದರ ಹಿರಿಯ ಸದಸ್ಯರೊಬ್ಬರು ಈಚೆಗೆ ಮಾತಿನ ನಡುವೆ ಹೇಳಿದರು: "ಕೊರೊನಾದ ಆ ಎರಡು ವರ್ಷ ನಮ್ಮ ಕ್ಲಬ್ಬು ಇತ್ತು ಅಂತ ಲೆಕ್ಕಕ್ಕೇ ಹಿಡೀಬೇಡಿ. ಮನೇಲಿ ಕೂತು ಕಾಗೆ ಎಣಿಸಿದ್ದನ್ನ ಯಾರಾದ್ರೂ ಕಾರ್ಯಕ್ರಮ ಅಂತಾರಾ?" ಸುತ್ತ ಇದ್ದವರು ನಕ್ಕರು. ಚಾರಣದ ಗುಂಪುಗಳಲ್ಲೂ ಇದೇ ಧಾಟಿಯ ಮಾತು ಕೇಳಿದ್ದೇನೆ. ಹೊರಗೆ ಹೋಗುವುದಕ್ಕೇ ಹುಟ್ಟಿದ ಸಂಘ ಹೊರಗೆ ಹೋಗಲಾರದಾದಾಗ ಮಾಡಿದ್ದೆಲ್ಲ ಹೊತ್ತು ಕಳೆಯುವ ಉಪಾಯ, ಅದನ್ನು ಮರೆತುಬಿಡುವುದೇ ಮರ್ಯಾದೆ ಎಂಬ ಧಾಟಿ. ನನಗೆ ಕಾಣುವುದು ಇದರ ತದ್ವಿರುದ್ಧ. ನಮ್ಮ ಎಷ್ಟೋ ಹೊರಾಂಗಣ ಸಂಘಗಳು ತಮ್ಮ ನಿಜವಾದ ಕೆಲಸಕ್ಕೆ ಕೈಹಚ್ಚಿದ್ದೇ ಆ ಎರಡು ವರ್ಷಗಳಲ್ಲಿ. ಗೇಟು ತೆರೆದ ಕೂಡಲೇ ಆ ಕೆಲಸವನ್ನು ಕೈಬಿಟ್ಟದ್ದು ದಡ್ಡತನ.

ಆದದ್ದೇನು ಎಂಬುದನ್ನು ನೆನಪಿಸಿಕೊಳ್ಳೋಣ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದರು. ನಡುರಾತ್ರಿಯಿಂದ 21 ದಿನ ದೇಶವೆಲ್ಲ ಬಂದ್. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಿಗೆ ಬೀಗ ಬಿತ್ತು. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ಬಿನವರು ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ದಶಕಗಳ ವಾಡಿಕೆ ನಿಂತಿತು. ಬೇಸಿಗೆಯಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಹಿಮಾಲಯದಲ್ಲಿ ನಡೆಸುವ ಶಿಬಿರಗಳಿಗೆ ಹೆಸರು ಕೊಟ್ಟವರು ರೈಲು ಟಿಕೆಟ್ಟಿನ ದುಡ್ಡು ವಾಪಸು ಬರುವುದನ್ನೇ ಕಾಯುತ್ತ ಕೂತರು. ಮೇ ಮೂರನೇ ವಾರ ಕರ್ನಾಟಕದಲ್ಲಿ ಪಾರ್ಕುಗಳು ತೆರೆದಾಗ ಸಮಯ ಬೆಳಗ್ಗೆ 7ರಿಂದ 9, ಸಂಜೆ 5ರಿಂದ 7. ಹಕ್ಕಿಗಳ ಬೆಳಗಿನ ಗದ್ದಲ ತಣ್ಣಗಾಗುವ ಹೊತ್ತಿಗೆ ಗೇಟು ತೆಗೆಯುವ ಈ ವೇಳಾಪಟ್ಟಿ ಮಾಡಿದವರು ದುರ್ಬೀನು ಹಿಡಿದವರಲ್ಲ ಎಂಬುದಂತೂ ಖಚಿತ.

ಬೇರೆ ದೇಶಗಳ ಸಂಘಗಳದ್ದೂ ಇದೇ ಪಾಡು. ಅಮೆರಿಕದಲ್ಲಿ 1900ರಿಂದ ನಡೆದುಬಂದಿರುವ ಕ್ರಿಸ್‌ಮಸ್ ಹಕ್ಕಿ ಗಣತಿಯನ್ನು 2020ರಲ್ಲೂ ಬಿಡಲಿಲ್ಲ. ಆದರೆ ಗಣತಿ ಮುಗಿದ ರಾತ್ರಿ ಎಲ್ಲರೂ ಸೇರಿ ಲೆಕ್ಕ ಕೂಡಿಸುವ ಊಟದ ಕೂಟ ರದ್ದಾಯಿತು. ಬ್ರಿಟನ್ನಿನ ಪಾರ್ಕ್‌ರನ್‌ನವರು ಶನಿವಾರದ ಐದು ಕಿಲೋಮೀಟರ್ ಓಟ ನಿಲ್ಲಿಸಿ, ನೀವೇ ಎಲ್ಲಾದರೂ ಅಷ್ಟು ದೂರ ಓಡಿ ಸಮಯ ಬರೆದು ಕಳಿಸಿ ಎಂದರು. ನಮ್ಮಲ್ಲಿ ಬರ್ಡ್ ಕೌಂಟ್ ಇಂಡಿಯಾ ಬಳಗ ಲಾಕ್‌ಡೌನ್ ಸವಾಲೊಂದನ್ನು ಮುಂದಿಟ್ಟಿತು: ಮನೆಯ ಕಿಟಕಿಯಿಂದ, ಬಾಲ್ಕನಿಯಿಂದ, ಟೆರೇಸಿನಿಂದ ಹದಿನೈದು ನಿಮಿಷ ನೋಡಿ, ಕಂಡದ್ದನ್ನೂ ಕೇಳಿದ್ದನ್ನೂ ಒಂದೂ ಬಿಡದೆ ಬರೆಯಿರಿ. ನಮ್ಮ ಹಿರಿಯರು ಹಂಗಿಸಿದ ಕಾಗೆ ಎಣಿಕೆ ಇದೇ.

ಈ ಹದಿನೈದು ನಿಮಿಷವನ್ನು ಮಾಡಿ ನೋಡದವರಿಗೆ ಅದು ತಮಾಷೆಯಾಗಿ ಕಾಣುತ್ತದೆ. ಏಪ್ರಿಲ್ ತಿಂಗಳ ಬೆಳಗ್ಗೆ ಏಳು ಗಂಟೆ ಅಂದುಕೊಳ್ಳಿ. ಟೆರೇಸಿನಲ್ಲಿ ಕಪ್ಪು ಸಿಂಟೆಕ್ಸ್ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಪಕ್ಕದ ಮನೆಯ ತೆಂಗಿನ ಮರ. ಮೊದಲ ಮೂರು ನಿಮಿಷಕ್ಕೆ ಪಟ್ಟಿ ಮುಗಿದುಹೋಗುತ್ತದೆ: ಕಾಗೆ, ಪಾರಿವಾಳ, ಹದ್ದು, ಗೊರವಂಕ. ಇನ್ನು ಹನ್ನೆರಡು ನಿಮಿಷ ಏನು ಮಾಡಬೇಕೆಂದು ತೋಚುವುದಿಲ್ಲ; ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ಐದನೇ ನಿಮಿಷದ ಹೊತ್ತಿಗೆ, ಆ ತನಕ ಕಿವಿಗೆ ಬೀಳುತ್ತಲೇ ಇದ್ದ ಟುಕ್ ಟುಕ್ ಎಂಬ ಸದ್ದು ಕುಟ್ರು ಹಕ್ಕಿಯದ್ದೆಂದು ಹೊಳೆಯುತ್ತದೆ. ದಾಸವಾಳದ ಗಿಡದಲ್ಲಿ ಟುವ್ವಿ ಹಕ್ಕಿ. ಮಾವಿನ ಮರದಿಂದ ಚುರುಕಾದ ಎರಡಕ್ಷರದ ಕೂಗು: ಚಳಿಗಾಲಕ್ಕೆ ಉತ್ತರದಿಂದ ಬಂದ ಉಲಿಯಕ್ಕಿ ಇನ್ನೂ ಹೋಗಿಲ್ಲ. ನಾಳೆ, ನಾಡಿದ್ದು ಇದೇ ಹೊತ್ತಿಗೆ ನಿಂತರೆ ಒಂದು ದಿನ ಆ ಕೂಗು ಇರುವುದಿಲ್ಲ. ಹಕ್ಕಿ ಬಂದದ್ದು ಯಾರ ಕಣ್ಣಿಗಾದರೂ ಬಿದ್ದೀತು. ಹೋದದ್ದು ಗೊತ್ತಾಗುವುದು ದಿನವೂ ನಿಂತವನಿಗೆ ಮಾತ್ರ. ವರ್ಷಕ್ಕೊಮ್ಮೆ ಕಬಿನಿಗೋ ದಾಂಡೇಲಿಗೋ ಹೋಗಿ ನೂರು ಜಾತಿಯ ಪಟ್ಟಿ ಹೊತ್ತು ತರುವವರಿಗೆ ಈ ತಿಳಿವಳಿಕೆ ದಕ್ಕುವ ದಾರಿಯೇ ಇಲ್ಲ.

ಇಲ್ಲಿ ಸಲೀಂ ಅಲಿಯವರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 1930ರಲ್ಲಿ ಜರ್ಮನಿಯಲ್ಲಿ ಕಲಿತು ಮುಂಬಯಿಗೆ ಬಂದಾಗ, ಅವರಿದ್ದ ಮ್ಯೂಸಿಯಮ್ಮಿನ ಹುದ್ದೆ ದುಡ್ಡಿಲ್ಲವೆಂದು ರದ್ದಾಗಿತ್ತು. ಪಟ್ಟಣದಲ್ಲಿ ಸಂಸಾರ ನಡೆಸುವುದು ಕಷ್ಟವಾಗಿ, ಹೆಂಡತಿಯ ಕಡೆಯವರ ಮನೆಯಿದ್ದ ಕಿಹೀಮ್ ಎಂಬ ಕರಾವಳಿಯ ಹಳ್ಳಿಗೆ ಹೋದರು. ಮನೆಯ ಹತ್ತಿರದಲ್ಲೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಗೀಜಗ ಅಪರೂಪದ ಹಕ್ಕಿಯೇನಲ್ಲ. ಅದರ ನೇತಾಡುವ ಗೂಡನ್ನು ನೋಡದ ಹಳ್ಳಿಯ ಹುಡುಗರಿಲ್ಲ; ಹಕ್ಕಿಶಾಸ್ತ್ರದ ಸಾಹೇಬರೆಲ್ಲ ಅದರ ಬಗ್ಗೆ ಬರೆದು ಮುಗಿಸಿದ್ದರು. ಕೆಲಸವಿಲ್ಲದ ಅಲಿ ಆ ಮಳೆಗಾಲ ದಿನದಿನವೂ ಅದೇ ಗೂಡುಗಳನ್ನು ನೋಡಿದರು. ಗಂಡು ಗೂಡನ್ನು ಅರ್ಧ ಕಟ್ಟಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಹೊಕ್ಕು, ಎಳೆಗಳನ್ನು ಎಳೆದು ಪರೀಕ್ಷಿಸಿ, ಬೇಡವೆನಿಸಿದರೆ ಹಾರಿಹೋಗುತ್ತದೆ. ಒಪ್ಪಿದರೆ ಮಾತ್ರ ಗಂಡು ಮೊಟ್ಟೆಯ ಕೋಣೆಯನ್ನೂ ಕೆಳಗಿಳಿಯುವ ಕೊಳವೆಯನ್ನೂ ಪೂರೈಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತದ್ದೇ ತಡ, ಗಂಡು ಹೊಸ ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಹಳ್ಳಿಗಳಲ್ಲಿ ಕಾಣುವ ಅರೆಬರೆ ಗೂಡುಗಳು ಸೋಮಾರಿ ಗಂಡಿನ ಕೆಲಸವಲ್ಲ, ಹೆಣ್ಣು ಒಪ್ಪದೆ ಬಿಟ್ಟವು. 1931ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಈ ಲೇಖನವೇ ಅವರಿಗೆ ಹೆಸರು ತಂದದ್ದು. ದುಡ್ಡಿದ್ದು ಊರೂರು ಸುತ್ತುವ ನೌಕರಿ ಸಿಕ್ಕಿದ್ದರೆ ಆ ಮಳೆಗಾಲ ಅವರು ಕಿಹೀಮಿನಲ್ಲಿ ಇರುತ್ತಲೇ ಇರಲಿಲ್ಲ.

ಎಲ್ಲರೂ ಸಲೀಂ ಅಲಿ ಆಗುತ್ತಾರೆಯೇ ಎಂದು ಕೇಳಬಹುದು. ಆಗಬೇಕಾಗಿಲ್ಲ. ಲಾಕ್‌ಡೌನಿಗೆ ಸುಮಾರು ಒಂದು ತಿಂಗಳ ಮುಂಚೆ, 2020ರ ಫೆಬ್ರವರಿಯಲ್ಲಿ, ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಗುಬ್ಬಚ್ಚಿ ಅಳಿದೇಹೋಯಿತು, ಮೊಬೈಲ್ ಟವರಿಗೆ ಬಲಿಯಾಯಿತು ಎಂದು ವರ್ಷಗಟ್ಟಲೆ ಭಾಷಣ ಬಿಗಿದವರಿಗೆ ಆ ವರದಿ ಹೇಳಿದ್ದು: ಮಹಾನಗರಗಳಲ್ಲಿ ಗುಬ್ಬಿ ಕಡಿಮೆಯಾಗಿರುವುದು ಹೌದು, ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ. 15,000ಕ್ಕೂ ಹೆಚ್ಚು ಮಂದಿ ಹವ್ಯಾಸಿಗಳು ಬರೆದಿಟ್ಟ ಸಣ್ಣ ಸಣ್ಣ ಪಟ್ಟಿಗಳಿಂದ ಬಂದ ಉತ್ತರ ಇದು. ಮುಂದೆ 2023ರ ವರದಿಯ ಹೊತ್ತಿಗೆ ಅಂಥ ಹವ್ಯಾಸಿಗಳು 30,000 ದಾಟಿದರು. ಕಾಗೆ ಎಣಿಸುವುದನ್ನು ಹಂಗಿಸುವವರು ಈ ಲೆಕ್ಕವನ್ನು ಯಾರು ಇಡಬೇಕು ಎಂಬುದನ್ನೂ ಹೇಳಲಿ.

ಎದುರು ವಾದಗಳಲ್ಲಿ ಎರಡು ತೂಕದವು. ಮೊದಲನೆಯದು ಹೊಸಬರದ್ದು. ಕ್ಲಬ್ಬೆಂದರೆ ಬಲ್ಲವರು ಬಾರದವರಿಗೆ ಕಲಿಸುವ ಜಾಗ, ಆ ಕಲಿಕೆ ನಡೆಯುವುದು ಪಕ್ಕದಲ್ಲಿ ನಿಂತಾಗ. "ಆ ಒಣಕೊಂಬೆ ಕವಲಾದ ಕಡೆ ನೋಡು, ಅಲ್ಲಿಂದ ಹನ್ನೊಂದು ಗಂಟೆಗೆ, ಎರಡನೇ ಎಲೆಗೊಂಚಲ ಹಿಂದೆ" ಎಂದು ಹಿರಿಯರು ಹೇಳಬೇಕು, ಹುಡುಗಿ ದುರ್ಬೀನು ಎತ್ತಬೇಕು, ಅಷ್ಟರಲ್ಲಿ ಹಕ್ಕಿ ಹಾರಬೇಕು, ಮತ್ತೆ ಹುಡುಕಬೇಕು. ಸಂಗೀತದ ಮೇಷ್ಟ್ರು ಎದುರು ಕೂರಿಸಿಕೊಂಡು ತಾಳ ಹಾಕಿಸಿದ ಹಾಗೆ, ಇದನ್ನು ದೂರದಿಂದ ಕಲಿಸಲಾಗದು. ಜೂಮ್ ಉಪನ್ಯಾಸಗಳಲ್ಲಿ ಹಕ್ಕಿ ಯಾವಾಗಲೂ ಚೌಕಟ್ಟಿನ ನಡುವೆ, ಬೆಳಕಿನಲ್ಲಿ, ಪೂರ್ತಿ ಕಾಣುವಂತೆ ಕೂತಿರುತ್ತದೆ. ಮರದಲ್ಲಿ ಅದರ ಅರ್ಧ ಮೈ ಎಲೆಯೇ. ಆ ಎರಡು ವರ್ಷಗಳಲ್ಲಿ ಪರದೆಯ ಮೇಲೆ ನೂರಾರು ಜಾತಿ ಕಲಿತು, ಆಮೇಲೆ ಕೆರೆಯಂಗಳದಲ್ಲಿ ಒಂದನ್ನೂ ಗುರುತಿಸಲಾರದೆ ಪೆಚ್ಚಾದ ಹುಡುಗರನ್ನು ನೋಡಿದ್ದೇನೆ. ಇದು ನಿಜವಾದ ನಷ್ಟ. ಜೂಮಿನಿಂದ ಲಾಭವಾದದ್ದು ಬೇರೆಯವರಿಗೆ: ಬೆಂಗಳೂರು, ಮೈಸೂರುಗಳ ಸಭಾಂಗಣಕ್ಕೆ ಎಂದೂ ಬರಲಾರದ ಗದಗ, ರಾಯಚೂರಿನ ಮೇಷ್ಟ್ರುಗಳು, ಮಂಡಿನೋವಿನಿಂದ ವಾಕ್ ಬಿಟ್ಟಿದ್ದ ಹಳೆಯ ಸದಸ್ಯರು. ಅವರನ್ನು ಈಗ ಮತ್ತೆ ಹೊರಗಿಟ್ಟು ಸಭೆ ನಡೆಸುವುದು ಯಾವ ನ್ಯಾಯ?

ಎರಡನೆಯ ವಾದ ಇದಕ್ಕಿಂತ ಚುಚ್ಚುವಂಥದ್ದು. ಟೆರೇಸಿದ್ದವರಿಗೆ ಟೆರೇಸು. ಕೂಲಿಕಾರರು ತಲೆಯ ಮೇಲೆ ಗಂಟು ಹೊತ್ತು ಹೆದ್ದಾರಿಯಲ್ಲಿ ನಡೆದು ಊರಿಗೆ ಹೋಗುತ್ತಿದ್ದಾಗ ಉಲಿಯಕ್ಕಿ ಹೋಯಿತೋ ಇದೆಯೋ ಎಂದು ಬರೆದುಕೊಳ್ಳುವುದು ಯಾರಿಗೆ ಸಾಧ್ಯವಿತ್ತು? 2021ರ ಮೇ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡರು. ಹಕ್ಕಿ ನೋಡುವವರಲ್ಲಿ ಬಹುತೇಕರಿಗೆ ಆ ಊರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವಾಗ ಕಾಫಿಗೆ ನಿಲ್ಲಿಸುವ ಜಾಗ, ಅಷ್ಟೆ. ಆ ವಾರ ಗುಂಪಿನ ವಾಟ್ಸಾಪಿನಲ್ಲಿ ಹಕ್ಕಿಪಟ್ಟಿ ಹಾಕುವುದು ಅಸಭ್ಯ ಎಂದು ಒಬ್ಬರು ಬರೆದರೆ ಅವರನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಆದರೆ ಈ ವಾದವನ್ನು ಕೊನೆತನಕ ಎಳೆದರೆ ಅದು ಟೆರೇಸಿನವನಿಗಿಂತ ಗಟ್ಟಿಯಾಗಿ ತಗಲುವುದು ಜೀಪು ಸಫಾರಿಯವನಿಗೆ. ಹದಿನೈದು ನಿಮಿಷದ ಪಟ್ಟಿಗೆ ಬೇಕಾದದ್ದು ಒಂದು ಕಿಟಕಿ, ಒಂದು ಪೆನ್ಸಿಲು. ದುಬಾರಿ ಲೆನ್ಸು, ಕಾಡಂಚಿನ ರೆಸಾರ್ಟು ಬೇಕಾಗುವುದು ಕ್ಲಬ್ಬುಗಳು ಸಹಜಸ್ಥಿತಿಗೆ ಮರಳಿದೆವು ಎಂದು ಸಂಭ್ರಮಿಸುವ ಪ್ರವಾಸಕ್ಕೆ.

ಮನುಷ್ಯ ಒಳಗಿದ್ದಾಗ ಪ್ರಕೃತಿ ಗುಣವಾಯಿತು, ವೆನಿಸ್ಸಿನ ಕಾಲುವೆಗೆ ಡಾಲ್ಫಿನ್ ಬಂತು ಎಂದು ಕಣ್ಣೊರೆಸಿಕೊಂಡವರ ಬಗ್ಗೆ ಹೇಳುವುದು ಇಷ್ಟೇ: ಆ ಡಾಲ್ಫಿನ್ನುಗಳ ವಿಡಿಯೊ ಸಾರ್ಡಿನಿಯಾ ದ್ವೀಪದ್ದು.

ಗೇಟು ತೆರೆದಮೇಲೆ ನಡೆದದ್ದನ್ನು ನೋಡಿ. 2021ರ ಜುಲೈನಲ್ಲಿ ನಿರ್ಬಂಧ ಸಡಿಲವಾದ ಕೂಡಲೇ ನಂದಿಬೆಟ್ಟಕ್ಕೆ ಬೈಕು ಕಾರುಗಳ ದಂಡು ಹೋಗಿ, ಜಿಲ್ಲಾಡಳಿತ ವಾರಾಂತ್ಯದ ಪ್ರವೇಶವನ್ನೇ ನಿಷೇಧಿಸಬೇಕಾಯಿತು. ಆಗಸ್ಟ್ ಕೊನೆಯಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆ ಕಡಿಯಿತು, ಬೆಟ್ಟಕ್ಕೆ ಉಸಿರಾಡಲು ಸಿಕ್ಕ ಬಿಡುವು ಅಷ್ಟು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ವಿಡಿಯೊ ಊರೆಲ್ಲ ಹರಿದಾಡಿತು. ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಆಗುವ ತನಕ ಚಾರಣಕ್ಕೆ ಸರ್ಕಾರ ತಡೆಯೊಡ್ಡಿತು. ಈ ಸಾಲಿನಲ್ಲಿ ಇದ್ದವರೆಲ್ಲ ಸಂಘ ಗೊತ್ತಿಲ್ಲದ ಪಡ್ಡೆ ಹುಡುಗರು ಎಂದು ನಾವು ಸಮಾಧಾನ ಮಾಡಿಕೊಳ್ಳುವಂತಿಲ್ಲ. ವಾರಕ್ಕೊಂದು ಬೆಟ್ಟದ ಪೋಸ್ಟರು ಮಾಡಿ, ಟಿಟಿ ಗಾಡಿ ತುಂಬಿಸಿ, ತಲೆಗಿಷ್ಟೆಂದು ದುಡ್ಡು ಎಣಿಸಿ, ತುದಿಯಲ್ಲಿ ಬ್ಯಾನರು ಹಿಡಿದು ಫೋಟೊ ತೆಗೆಸಿಕೊಂಡು ಇಳಿಯುವ ಎಷ್ಟೋ ಗುಂಪುಗಳು ತಮ್ಮನ್ನು ಕ್ಲಬ್ಬೆಂದೇ ಕರೆದುಕೊಳ್ಳುತ್ತವೆ. ಅವು ಟ್ರಾವೆಲ್ ಏಜೆನ್ಸಿಗಳು. ಆ ಬೋರ್ಡು ಹಾಕಿಕೊಂಡರೆ ನನ್ನದೇನೂ ತಕರಾರಿಲ್ಲ, ಜಿಎಸ್‌ಟಿಯನ್ನಾದರೂ ಕಟ್ಟುತ್ತಾರೆ. ಸಾಂಕ್ರಾಮಿಕ ಬಂದಾಗ ಇವುಗಳ ಹತ್ತಿರ ಮಾಡುವುದಕ್ಕೆ ಒಂದು ಕೆಲಸವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಗಾಡಿ ನಿಂತಿತು, ಗುಂಪು ನಿಂತಿತು.

ನಂದಿಯನ್ನೇ ಹಕ್ಕಿ ನೋಡುವವರು ಬೇರೆ ಥರ ಬಲ್ಲರು. ನೀಲಗಿರಿ ಕಾಡುಪಾರಿವಾಳ ಪಶ್ಚಿಮಘಟ್ಟ ಬಿಟ್ಟು ಇಷ್ಟು ದೂರ, ಬಯಲಿನ ನಡುವಿನ ಈ ಒಂಟಿ ಬೆಟ್ಟದ ತಲೆಯ ಮೇಲಿರುವ ಕಾಡಿನಲ್ಲಿ ಉಳಿದಿದೆ ಎಂಬುದು ಅವರಿಗೆ ಗೊತ್ತಿರುವುದು ಮತ್ತೆ ಮತ್ತೆ ಹೋಗಿ ನೋಡಿದ್ದರಿಂದ. ಮೈಸೂರಿನವರು 2014ರಿಂದ ತಮ್ಮ ಊರನ್ನು ಚೌಕಗಳಾಗಿ ವಿಂಗಡಿಸಿ, ಬಡಾವಣೆ, ಖಾಲಿ ಸೈಟು, ಚರಂಡಿ ಪಕ್ಕ ಎನ್ನದೆ ಹಕ್ಕಿ ಎಣಿಸಿ ನಗರದ ಹಕ್ಕಿ ನಕಾಶೆ ಮಾಡಿದರು. ಆಗ ಯಾವ ಲಾಕ್‌ಡೌನೂ ಇರಲಿಲ್ಲ. ಮನೆಸುತ್ತಲ ಎಣಿಕೆ ಕೊರೊನಾದ ಒತ್ತಾಯಕ್ಕೆ ಹುಟ್ಟಿದ ಕಸರತ್ತಲ್ಲ ಎಂಬುದಕ್ಕೆ ಇಷ್ಟು ಸಾಕು.

2020ರ ಏಪ್ರಿಲ್‌ನ ಟೆರೇಸಿನ ಪಟ್ಟಿಗಳಿಗೆ ಒಂದು ತೊಡಕಿದೆ. ಆ ತಿಂಗಳು ಎಣಿಸಿದವರು ಮುಂಚೆ ಕೆರೆ, ಕಾಡುಗಳಲ್ಲಿ ಎಣಿಸುತ್ತಿದ್ದವರು. ಜಾಗ ಬದಲಾದ್ದರಿಂದ ಹಳೆಯ ಅಂಕಿಗಳ ಪಕ್ಕ ಇವನ್ನು ಇಟ್ಟು ಹಕ್ಕಿ ಹೆಚ್ಚಾಯಿತು, ಕಡಿಮೆಯಾಯಿತು ಎನ್ನುವಂತಿಲ್ಲ. ಸದ್ದಿಲ್ಲದ ಬೀದಿಯಲ್ಲಿ ಹಕ್ಕಿಯ ದನಿ ದೂರದಿಂದಲೂ ಕೇಳುತ್ತಿತ್ತು, ಅದನ್ನೂ ಕಳೆಯಬೇಕು. ಈ ಪಟ್ಟಿಗಳನ್ನು ಅವುಗಳದ್ದೇ ಮುಂದಿನ ವರ್ಷಗಳ ಜೊತೆ ಮಾತ್ರ ಹೋಲಿಸಲು ಸಾಧ್ಯ: ಅದೇ ಟೆರೇಸು, ಅದೇ ಏಳು ಗಂಟೆ, ಅದೇ ಏಪ್ರಿಲ್. ಬಹುಪಾಲು ಮಂದಿ ಅದನ್ನು 2021ರಲ್ಲೇ ನಿಲ್ಲಿಸಿದರು. ಪಕ್ಕದ ಖಾಲಿ ಸೈಟಿನಲ್ಲಿ ಅಪಾರ್ಟ್‌ಮೆಂಟು ಎದ್ದಮೇಲೆ ಟುವ್ವಿ ಉಳಿಯಿತೋ ಇಲ್ಲವೋ ಹೇಳಬಲ್ಲವರು ಅವರೇ ಆಗಿದ್ದರು. ಕ್ಲಬ್ಬುಗಳ ಕಾರ್ಯದರ್ಶಿಗಳು ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಕಬಿನಿ, ದಾಂಡೇಲಿಗಳ ಜೊತೆ ಏಪ್ರಿಲ್‌ನ ಒಂದು ವಾರವನ್ನು ಇದಕ್ಕೆ ಬಿಡಲಿ, 2020ರಲ್ಲಿ ಪಟ್ಟಿ ಕಳಿಸಿದ ಸದಸ್ಯರಿಗೆಲ್ಲ ಫೋನು ಮಾಡಲಿ. ಆ ವಾಟ್ಸಾಪ್ ಗುಂಪುಗಳು ಇನ್ನೂ ಇವೆ. ಈಗ ಅವುಗಳಲ್ಲಿ ಬರುವುದು ಗುಡ್ ಮಾರ್ನಿಂಗ್ ಮೆಸೇಜು.