ಮೆಜೆಸ್ಟಿಕ್‌ನಲ್ಲಿ ಕೇಳುವ ಪ್ರಶ್ನೆ

ಯಲ್ಲಾಪುರದ ಕಡೆಯಿಂದ ಬಂದು ಮೆಜೆಸ್ಟಿಕ್‌ನಲ್ಲಿ ಇಳಿಯುವ ಸಿದ್ದಿ ಹುಡುಗನಿಗೆ ನಾವು ಕೇಳುವ ಮೊದಲ ಪ್ರಶ್ನೆ, "ಯಾವ ದೇಶ?" ಆತ "ಉತ್ತರ ಕನ್ನಡ ಜಿಲ್ಲೆ" ಎಂದರೆ, "ಕನ್ನಡ ಚೆನ್ನಾಗಿ ಕಲಿತಿದ್ದೀಯ" ಎಂದು ಮೆಚ್ಚುತ್ತೇವೆ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಈ ಕಾಡು ಸೇರಿ ಶತಮಾನಗಳೇ ಕಳೆದಿವೆ. ಆದರೂ ಅವರ ಮಕ್ಕಳು ನಮಗಿನ್ನೂ ವಿದೇಶಿಯರು.

ನಮಗೆ ಪರಿಚಯವಿರುವ ಸಿದ್ದಿ ಯುವಕನೊಬ್ಬ ಮೆಜೆಸ್ಟಿಕ್ ಸಮೀಪದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾನೆ. 2020ರಲ್ಲಿ ಅಮೆರಿಕದ ಪೊಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಆ ಕಚೇರಿಯವರೂ ಮರುಗಿದರು. ಸಮಾನತೆಯ ಭಾಷಣವಾಯಿತು. ಈತನನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದು ಗೋಡೆಗೆ ತೂಗುಹಾಕಿದರು. ಆದರೆ ಗ್ರಾಹಕರ ಎದುರು ಕೂರುವ ಕೆಲಸ ಅವನಿಗೆ ಸಿಗಲಿಲ್ಲ. ಅವನ ನಂತರ ಸೇರಿದವರಿಗೆ ಬಡ್ತಿ ಸಿಕ್ಕಿತು. ಕೇಳಿದಾಗ ಬಂದ ಉತ್ತರ, "ನಿನ್ನನ್ನು ನಮ್ಮವನೆಂದೇ ನೋಡುತ್ತೇವಲ್ಲ!"

ಖರ್ಚಿಲ್ಲದ ಸಹಾನುಭೂತಿ ಎಂದರೆ ಇದೇ. ದೂರದ ಅಮೆರಿಕಕ್ಕೆ ಕಣ್ಣೀರು, ಪಕ್ಕದ ಮೇಜಿನವನಿಗೆ ಬರಿಯ ಬೆನ್ನು ತಟ್ಟುವಿಕೆ. 2016ರಲ್ಲಿ ಇದೇ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬ ಮಾಡಿದ ಅಪಘಾತಕ್ಕೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಥಳಿಸಿತು. ಅವಳ ತಪ್ಪು ಬಣ್ಣವೊಂದೇ. ಆಗಲೂ ಎಲ್ಲರೂ ಖಂಡಿಸಿದೆವು. ಖಂಡಿಸಿದವರಲ್ಲಿ ಎಷ್ಟು ಜನ ತಮ್ಮ ಮನೆಯನ್ನು ಆಫ್ರಿಕಾದವರಿಗೆ ಬಾಡಿಗೆಗೆ ಕೊಟ್ಟರು?

ಇನ್ನು ಮುಸ್ಲಿಮರಾದ ನಮ್ಮ ಮಾತು. ಹೆಸರು ಹೇಳಿದ ಕೂಡಲೇ "ಮನೆ ಖಾಲಿ ಇಲ್ಲ" ಎನ್ನಿಸಿಕೊಂಡವರು ನಾವು. ಆ ನೋವು ಗೊತ್ತಿರುವ ನಾವಾದರೂ ಬೇರೆಯಾಗಿದ್ದೇವೆಯೇ? ಹಜರತ್ ಬಿಲಾಲರ ಕಥೆ ಹೇಳಿ ಇಸ್ಲಾಮಿನಲ್ಲಿ ವರ್ಣಭೇದವಿಲ್ಲ ಎನ್ನುತ್ತೇವೆ. ಮಗನಿಗೆ ಬಿಲಾಲ್ ಎಂದು ಹೆಸರಿಡುತ್ತೇವೆ. ಅದೇ ಮಗನಿಗೆ ಹೆಣ್ಣು ನೋಡುವಾಗ "ಹುಡುಗಿ ಬೆಳ್ಳಗಿದ್ದಾಳಾ?" ಎಂದು ಮೊದಲು ಕೇಳುತ್ತೇವೆ. ಸಿದ್ದಿಗಳಲ್ಲಿ ಹಿಂದೂಗಳು, ಕ್ರೈಸ್ತರು ಇರುವಂತೆ ಮುಸ್ಲಿಮರೂ ಇದ್ದಾರೆ. ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಅವರಿಗೆ ನಮ್ಮ ಅಂಗಡಿಯ ಗಲ್ಲಾದ ಮೇಲೆ ಕೂರುವ ಕೆಲಸ ಕೊಟ್ಟಿದ್ದೇವೆಯೇ?

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ತಡವಾಗಿಯಾದರೂ ಶಾಸನಸಭೆ ಕುರ್ಚಿ ಕೊಟ್ಟಿತು. ಕಚೇರಿಗಳಿಗೆ, ಅಂಗಡಿಗಳಿಗೆ ಯಾಕಾಗದು?

ಗೋಡೆಯ ಫೋಟೋ ಇರಲಿ, ಬಿಡಲಿ. ಮೊದಲು ಆ ಹುಡುಗನ ಬಡ್ತಿಯ ಕಾಗದಕ್ಕೆ ಸಹಿ ಬೀಳಲಿ.