ಜಾವಾವೋ, ಸಿ ಶಾರ್ಪೋ?

ಮೊನ್ನೆ ಅಜೆಕಾರಿನ ಬಸ್ ನಿಲ್ದಾಣದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನೆರೆಮನೆಯ ಹುಡುಗ ಕೇಳಿದ: ‘ಸರ್, ಜಾವಾ ಕಲಿಯಲೋ, ಡಾಟ್‌ನೆಟ್ಟೋ? ಕೆಲಸ ಯಾವುದಕ್ಕೆ ಸಿಗುತ್ತದೆ?’ ಇಪ್ಪತ್ತು ವರ್ಷಗಳಿಂದ ನಾನು ಕೇಳುತ್ತಿರುವ ಪ್ರಶ್ನೆಯಿದು. ಪ್ರಶ್ನೆ ಬದಲಾಗಿಲ್ಲ, ಉತ್ತರ ಮಾತ್ರ ಬದಲಾಗಿದೆ.

ಎರಡೂ ಒಂದೇ ಮನೆತನದವು. ಬರೆದ ಪ್ರೋಗ್ರಾಂ ಮೊದಲು ಒಂದು ನಡುಭಾಷೆಗೆ ಇಳಿಯುತ್ತದೆ. ವರ್ಚುವಲ್ ಮೆಷಿನ್ ಅದನ್ನು ಓಡುವಾಗಲೇ ಯಂತ್ರಭಾಷೆಗೆ ತಿರುಗಿಸುತ್ತದೆ, ಬಳಸಿ ಬಿಟ್ಟ ಮೆಮೊರಿಯನ್ನು ತಾನೇ ಗುಡಿಸುತ್ತದೆ. 1995ರಲ್ಲಿ ಸನ್ ಕಂಪನಿ ತಂದ ಜಾವಾ ಎಲ್ಲ ಕಂಪ್ಯೂಟರುಗಳಲ್ಲೂ ಓಡುವುದೆಂಬ ಹೆಗ್ಗಳಿಕೆ ಪಡೆಯಿತು. 2002ರಲ್ಲಿ ಬಂದ ಮೈಕ್ರೋಸಾಫ್ಟಿನ ಡಾಟ್‌ನೆಟ್ ವಿಂಡೋಸಿನ ಗೂಟಕ್ಕೆ ಕಟ್ಟಿದ ಹಸುವಾಗಿತ್ತು. 2016ರಲ್ಲಿ ಡಾಟ್‌ನೆಟ್ ಕೋರ್ ಮುಕ್ತ ತಂತ್ರಾಂಶವಾಗಿ ಲಿನಕ್ಸಿಗೂ ಬಂದ ಮೇಲೆ ಆ ಗೂಟ ಕಳಚಿತು. ಆದರೂ ನಮ್ಮಲ್ಲಿ ಹಳೆಯ ಉಪದೇಶವೇ ಚಲಾವಣೆಯಲ್ಲಿದೆ.

ನಿಜವಾದ ವ್ಯತ್ಯಾಸ ಇರುವುದು ಒಳಗೆ. ಜೆನೆರಿಕ್ಸ್ ಎಂಬ ಸೌಲಭ್ಯ 2004ರಲ್ಲಿ ಜಾವಾಕ್ಕೆ ಬಂದಾಗ, ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಯಂತ್ರವನ್ನು ಮುಟ್ಟದೆ, ಪಟ್ಟಿಯೊಳಗೆ ಏನಿದೆ ಎಂಬ ಗುರುತನ್ನು ಅಳಿಸಿಬಿಟ್ಟರು. 2005ರಲ್ಲಿ ಸಿ ಶಾರ್ಪ್ ತಂಡ ಯಂತ್ರವನ್ನೇ ತಿದ್ದಿತು. ಹಾಗಾಗಿ ಸಿ ಶಾರ್ಪಿನ ಪಟ್ಟಿಯಲ್ಲಿ ಅಂಕಿಗಳು ಬರಿಯ ಅಂಕಿಗಳಾಗಿಯೇ ಕೂರುತ್ತವೆ. ಜಾವಾದಲ್ಲಿ ಒಂದೊಂದಕ್ಕೂ ಪೊಟ್ಟಣ ಕಟ್ಟಬೇಕು. ಭಾಷೆಯ ಸೊಗಸಿನಲ್ಲಿ ನನ್ನ ಮತ ಸಿ ಶಾರ್ಪಿಗೆ. ಆದರೆ ಇಪ್ಪತ್ತು ವರ್ಷ ಬಾಳಬೇಕಾದ ಲೆಕ್ಕಪತ್ರದ ತಂತ್ರಾಂಶಕ್ಕೆ ಜಾವಾದ ಆ ಹಿಂಜರಿಕೆಯೇ ಆಸ್ತಿ.

ಕನ್ನಡದ ವಿಷಯದಲ್ಲಿ ಮಾತ್ರ ಎರಡೂ ಸಮಾನ ಪೆದ್ದರು! ‘ಅಜೆಕಾರು’ ಎಷ್ಟು ಅಕ್ಷರವೆಂದು ಕೇಳಿ. ಒಂದನೇ ತರಗತಿಯ ಮಗು ನಾಲ್ಕು ಎನ್ನುತ್ತದೆ. ಎರಡೂ ಯಂತ್ರಗಳು ಏಳು ಎನ್ನುತ್ತವೆ. ಯುನಿಕೋಡಿನಲ್ಲಿ ಏತ್ವ, ಕೊಂಬು, ದೀರ್ಘಗಳು ಬೇರೆ ಬೇರೆ ಸಂಕೇತಗಳಾಗಿರುವುದೇ ಕಾರಣ. ‘ಕಾರ್ಕಳ’ವನ್ನು ನಾಲ್ಕಕ್ಕೆ ಕತ್ತರಿಸಿದರೆ ಉಳಿಯುವುದು ‘ಕಾರ್’. ಅರ್ಜಿ ನಮೂನೆಯೊಂದು ನನ್ನ ತಂದೆಯ ಹೆಸರಿನ ಕೊನೆಯ ಗುಣಿತವನ್ನು ಹೀಗೆಯೇ ನುಂಗಿತ್ತು. ತಿದ್ದಿಸಲು ಮೂರು ಸಲ ಅಲೆದೆ. ಅಕ್ಷರಗಳನ್ನು ಗುಣಿತಸಹಿತ ಎಣಿಸುವ ಸಾಧನ ಇಲ್ಲವೆಂದಲ್ಲ: ಜಾವಾದಲ್ಲಿ ಬ್ರೇಕ್‌ಇಟರೇಟರ್, ಡಾಟ್‌ನೆಟ್ಟಿನಲ್ಲಿ ಸ್ಟ್ರಿಂಗ್‌ಇನ್ಫೋ ಇವೆ. ಅವನ್ನು ಬಳಸಬೇಕೆಂದು ಪ್ರೋಗ್ರಾಂ ಬರೆದವನಿಗೆ ಹೊಳೆದಿರಲಿಲ್ಲ, ಅಷ್ಟೆ.

ಆ ಹುಡುಗನಿಗೆ ಹೇಳಿದೆ: ‘ಯಾವುದಾದರೂ ಒಂದರಲ್ಲಿ ನಮ್ಮ ತಾಲ್ಲೂಕಿನ ಊರುಗಳ ಹೆಸರನ್ನು ಸರಿಯಾಗಿ ಎಣಿಸುವ ಪ್ರೋಗ್ರಾಂ ಬರೆದು ತಾ. ಆಮೇಲೆ ಕೆಲಸದ ಮಾತಾಡೋಣ.’ ಅಷ್ಟರಲ್ಲಿ ಬಸ್ ಬಂತು.